22 ಡಿಗ್ರಿಯ ಆಶ್ರಯ

ಗಾಡಿ ನಿಂತ ಕೂಡಲೇ ನಮ್ಮ ನಾಲ್ವರಲ್ಲಿ ಒಬ್ಬರು ಮಾಡುತ್ತಿದ್ದ ಮೊದಲ ಕೆಲಸವೆಂದರೆ, ಜೇಬಿನಿಂದ ಅಂಗೈಯುದ್ದದ ಒಂದು ರಸಮಟ್ಟವನ್ನು ತೆಗೆದು, ಅಡಿಗೆಯ ಕಟ್ಟೆಯ ಮೇಲೊಮ್ಮೆ, ಹಾಸಿಗೆಯ ಅಂಚಿನ ಮೇಲೊಮ್ಮೆ, ಕೊನೆಗೆ ನೆಲದ ಮೇಲೊಮ್ಮೆ ಇರಿಸಿ, ಕನ್ನಡಕವನ್ನು ಹಣೆಗೇರಿಸಿಕೊಂಡು, ಒಳಗಿನ ಗುಳ್ಳೆ ಎತ್ತ ಸರಿಯುತ್ತದೆಂದು ನೋಡುವುದು. ಗುಳ್ಳೆ ನಡುವಿಗೆ ಬರುವ ತನಕ ಅವರು ಯಾರಿಗೂ ಕಾಫಿ ಕಾಸಗೊಡುತ್ತಿರಲಿಲ್ಲ. ಚಕ್ರದ ಕೆಳಗೆ ಒಂದು ಹಲಗೆ ಇಡಿಸಿ, ಗಾಡಿಯನ್ನು ಗೇಣುದ್ದ ಮುಂದಕ್ಕೆ ಹಾಯಿಸಿ, ಮತ್ತೆ ಹಿಂದಕ್ಕೆ ತರಿಸಿ, ಸಮಾಧಾನವಾದ ಮೇಲೆಯೇ ಒಳಗೆ ಬರುತ್ತಿದ್ದರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಲೋಕೋಪಯೋಗಿ ಇಲಾಖೆಯಲ್ಲಿ ಸೇತುವೆ ಕಟ್ಟಿಸಿದವರ ಚಪಲವಿದೆಂದು ಮೊದಲ ದಿನ ನಾವು ನಕ್ಕೆವು. ಆದರೆ ಚಪಲಕ್ಕೆ ಕಾರಣವಿತ್ತೆಂಬುದು ಆಮೇಲೆ ತಿಳಿಯಿತು. ಇಂತಹ ಗಾಡಿಗಳಲ್ಲಿ ಎಷ್ಟೋ ಕಡೆ ಫ್ರಿಜ್ಜು ನಡೆಯುವುದು ಗ್ಯಾಸಿನ ಉರಿಯಿಂದ. ಅದರೊಳಗಿನ ಅಮೋನಿಯಾ ದ್ರಾವಣ ಯಾವ ಯಂತ್ರದ ನೂಕುವಿಕೆಯೂ ಇಲ್ಲದೆ ತನ್ನ ಭಾರದಿಂದಲೇ ಕೆಳಗಿಳಿದು ಸುತ್ತು ಬರಬೇಕಾದುದರಿಂದ, ಗಾಡಿ ಒಂದು ಪಕ್ಕಕ್ಕೆ ವಾಲಿ ನಿಂತರೆ ಹರಿವು ತಡೆದು, ಮೊಸರು ಹುಳಿಯುತ್ತದೆ. ಮೈಸೂರಿನವರಿಗೆ ಮೊಸರು ಹುಳಿಯುವುದು ಸಣ್ಣ ವಿಷಯವಲ್ಲ.

ಐವತ್ತು ವರ್ಷಗಳ ಹಿಂದೆ ಮೈಸೂರಿನ ಒಂದು ಹಾಸ್ಟೆಲಿನಲ್ಲಿ ಅಕ್ಕಪಕ್ಕದ ಎರಡು ಕೋಣೆಗಳಲ್ಲಿದ್ದ ನಾಲ್ವರು, ಇಬ್ಬರು ಇಲ್ಲಿಂದ ಹೋಗಿ, ಇಬ್ಬರು ಅಲ್ಲಿಯೇ ನೆಲೆಸಿದವರು ಬಂದು, ಅಮೆರಿಕದ ಫ್ಲಾರಿಡಾ ಸಂಸ್ಥಾನದಲ್ಲಿ ಒಂದು ಜನವರಿಯ ಒಂಬತ್ತು ದಿನಗಳನ್ನು ಒಂದು ಆರ್.ವಿ.ಯಲ್ಲಿ ಕಳೆದೆವು. ಅಲ್ಲಿ ನೆಲೆಸಿದವರಲ್ಲಿ ಒಬ್ಬರು ಮಿಷಿಗನ್ನಿನಲ್ಲಿ ಮೋಟಾರು ಕಾರ್ಖಾನೆಯಿಂದ ನಿವೃತ್ತರಾದವರು, ಮೂಲತಃ ತೀರ್ಥಹಳ್ಳಿಯ ಕಡೆಯವರು. ಮತ್ತೊಬ್ಬರು ನ್ಯೂಜರ್ಸಿಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಟ್ಟವರು. ಟ್ಯಾಂಪಾ ನಗರದಲ್ಲಿ ಗಾಡಿ ಹತ್ತಿದವರು ಕ್ರಿಸ್ಟಲ್ ರಿವರ್, ಸಿಲ್ವರ್ ಸ್ಪ್ರಿಂಗ್ಸ್, ಒಕಾಲಾ ಅರಣ್ಯ, ಬ್ಲೂ ಸ್ಪ್ರಿಂಗ್ ಎಂಬ ನಾಲ್ಕು ಕಡೆ ಬೀಡುಬಿಟ್ಟೆವು. ಒಟ್ಟು ದಾರಿ ಸುಮಾರು 300 ಕಿಲೋಮೀಟರು, ಎಂದರೆ ಬೆಂಗಳೂರಿನಿಂದ ಶಿವಮೊಗ್ಗೆಗೆ ಹೋದಷ್ಟು. ರಾತ್ರಿಯ ಬಸ್ಸಿನಲ್ಲಿ ಒಂದು ನಿದ್ದೆಗೆ ಮುಗಿಯುವ ದೂರಕ್ಕೆ ನಾವು ಒಂಬತ್ತು ದಿನ ತೆಗೆದುಕೊಂಡೆವೆಂಬುದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಆರ್.ವಿ. ಎಂದರೆ ಸುಲಭವಾಗಿ, ಚಕ್ರದ ಮೇಲಿನ ಮನೆ. ಅದರಲ್ಲಿ ಜಾತಿಭೇದಗಳು ಬಹಳ. ಬಸ್ಸಿನಷ್ಟು ದೊಡ್ಡದು ‘ಎ’ ವರ್ಗ. ವ್ಯಾನಿನೊಳಗೇ ಎಲ್ಲವನ್ನೂ ಅಡಕಿದ್ದು ‘ಬಿ’ ವರ್ಗ. ಲಾರಿಯ ಚಾಸಿಯ ಮೇಲೆ ಮನೆ ಕಟ್ಟಿ, ಚಾಲಕನ ನೆತ್ತಿಯ ಮೇಲೆ ಒಂದು ಅಟ್ಟ ಚಾಚಿ, ಅದರಲ್ಲಿ ಹಾಸಿಗೆ ಹಾಸಿದ್ದು ‘ಸಿ’ ವರ್ಗ. ಇವಲ್ಲದೆ ಎಂಜಿನ್ನೇ ಇಲ್ಲದೆ, ಕಾರಿನ ಅಥವಾ ಪಿಕಪ್ ಲಾರಿಯ ಹಿಂದೆ ಬಾಲದಂತೆ ಎಳೆದೊಯ್ಯುವ ಮನೆಗಳೂ ಉಂಟು. ನಮ್ಮದು ‘ಸಿ’ ವರ್ಗದ ಬಾಡಿಗೆ ಗಾಡಿ. ಅಟ್ಟದ ಹಾಸಿಗೆಗೆ ಏಣಿ ಹತ್ತಬೇಕಾಗಿದ್ದುದರಿಂದ, ಮಂಡಿ ಸರಿಯಿರುವವರು ಯಾರೆಂಬ ಬಗ್ಗೆ ಮೊದಲ ರಾತ್ರಿ ದೀರ್ಘ ವಿಚಾರಣೆ ನಡೆದು, ಕೊನೆಗೆ ನಾನೇ ಹತ್ತಿದೆ. ಲೀಟರಿಗೆ ನಾಲ್ಕು ಕಿಲೋಮೀಟರು ಓಡಿದರೆ ಭಾಗ್ಯವೆನ್ನಬೇಕಾದ ಈ ಗಾಡಿಗಳಲ್ಲಿ ಒಲೆ, ಸ್ನಾನ, ಶೌಚ, ಊಟದ ಮೇಜು ಎಲ್ಲವೂ ಇರುವುವು. ಆದರೆ ಎಲ್ಲವೂ ಒಂದರ ಮೈಮೇಲೊಂದು ಇರುವುವು. ಒಬ್ಬರು ಒಗ್ಗರಣೆ ಹಾಕುತ್ತಿದ್ದರೆ ಉಳಿದ ಮೂವರು ಹೊರಗೆ ನಿಲ್ಲುವುದೇ ಕ್ಷೇಮ.

ಚಳಿಗಾಲ ಬಂದೊಡನೆ ಉತ್ತರದ ಮಿಷಿಗನ್, ಒಹಾಯೋ, ನ್ಯೂಯಾರ್ಕ್ ಪ್ರಾಂತಗಳಿಂದಲೂ ಗಡಿಯಾಚೆಯ ಕೆನಡಾದಿಂದಲೂ ಮುದುಕ ಮುದುಕಿಯರು ಇಂತಹ ಗಾಡಿಗಳಲ್ಲಿ ದಕ್ಷಿಣಕ್ಕೆ ಇಳಿದು, ಹಿಮ ಕರಗುವ ತನಕ ಅಲ್ಲಿಯೇ ಇದ್ದು ಹಿಂದಿರುಗುವರು. ಇವರನ್ನು ಅಲ್ಲಿಯ ಜನ ‘ಸ್ನೋಬರ್ಡ್’ ಎಂದು, ಎಂದರೆ ಹಿಮದ ಹಕ್ಕಿಗಳೆಂದು, ಅರೆ ಪ್ರೀತಿಯಿಂದ ಅರೆ ಬೇಸರದಿಂದ ಕರೆಯುವುದುಂಟು. ಇದೇನೂ ಹೊಸ ಚಾಳಿಯಲ್ಲ. 1919ರಲ್ಲಿಯೇ ಟ್ಯಾಂಪಾದ ಒಂದು ಉದ್ಯಾನದಲ್ಲಿ ಹೀಗೆ ಗಾಡಿ ಹೂಡಿಕೊಂಡು ಬಂದವರು ಸೇರಿ ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘವನ್ನು ಕಟ್ಟಿದರು. ಡಬ್ಬಿಯ ಆಹಾರವನ್ನು ಉಂಡು ದಾರಿ ಸವೆಸುತ್ತಿದ್ದ ಅವರು ಒಂದು ಖಾಲಿ ತಗಡಿನ ಡಬ್ಬಿಯನ್ನೇ ತಮ್ಮ ಮೋಟಾರಿನ ರೇಡಿಯೇಟರಿನ ಮುಚ್ಚಳಕ್ಕೆ ಬೆಸುಗೆ ಹಾಕಿಸಿ ಲಾಂಛನ ಮಾಡಿಕೊಂಡಿದ್ದರೆಂದರೆ, ತಮ್ಮನ್ನು ನೋಡಿ ತಾವೇ ನಗಬಲ್ಲ ಜನ ಅವರಾಗಿದ್ದಿರಬೇಕು. ಇಂದು ಒಳ್ಳೆಯ ಸರ್ಕಾರಿ ಉದ್ಯಾನಗಳಲ್ಲಿ ಚಳಿಗಾಲದ ಒಂದು ಬೀಡುತಾಣ ಸಿಕ್ಕಬೇಕಾದರೆ ಹತ್ತು ತಿಂಗಳ ಮುಂಚೆಯೇ ಕಾದಿರಿಸತಕ್ಕದ್ದು. ನಮ್ಮ ಗಣಿತದ ಮೇಷ್ಟ್ರು ಹಿಂದಿನ ವರ್ಷದ ಮಾರ್ಚಿ ತಿಂಗಳಿನಲ್ಲಿಯೇ ಅಲಾರಂ ಇಟ್ಟುಕೊಂಡು ಎದ್ದು ಆ ಕೆಲಸ ಮಾಡಿದ್ದರು.

ಸಮುದ್ರತೀರಗಳಿಗಾಗಿ ಹೆಸರಾದ ಫ್ಲಾರಿಡಾದಲ್ಲಿ ನಾವು ಒಳನಾಡನ್ನು ಆರಿಸಿಕೊಂಡದ್ದೇಕೆಂದರೆ, ಅಲ್ಲಿಯ ಬುಗ್ಗೆಗಳಿಗಾಗಿ. ಆ ಸಂಸ್ಥಾನದ ನೆಲದಡಿಯಲ್ಲೆಲ್ಲ ಸುಣ್ಣಕಲ್ಲು. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿಕೊಂಡು ತುಸು ಹುಳಿಯಾಗಿ ಇಳಿದು, ಲಕ್ಷಾಂತರ ವರ್ಷಗಳಿಂದ ಆ ಕಲ್ಲನ್ನು ಕರಗಿಸಿ, ಜೇನುಗೂಡಿನಂತೆ ರಂಧ್ರಮಯವಾಗಿ ಮಾಡಿದೆ. ಆ ರಂಧ್ರಗಳಲ್ಲಿ ತುಂಬಿ ನಿಂತ ಜಲರಾಶಿ, ಎಲ್ಲಿ ನೆಲ ತಗ್ಗಾಗಿ ಕಲ್ಲು ಬಾಯಿಬಿಟ್ಟಿದೆಯೋ ಅಲ್ಲಿ ತನ್ನ ಒತ್ತಡದಿಂದ ತಾನೇ ಮೇಲೆದ್ದು ಹರಿಯುವುದು. ಹೀಗೆ ಹುಟ್ಟಿದ ಬುಗ್ಗೆಗಳು ಅಲ್ಲಿ 1,000ಕ್ಕೂ ಹೆಚ್ಚು. ಅವುಗಳಲ್ಲಿ ಮೊದಲ ದರ್ಜೆಯದೆನ್ನಿಸಿಕೊಳ್ಳಬೇಕಾದರೆ ಸೆಕೆಂಡಿಗೆ ಕಡಮೆಯೆಂದರೆ 100 ಘನ ಅಡಿ, ಎಂದರೆ ಸುಮಾರು 2,800 ಲೀಟರು, ನೀರು ಹೊರಡಬೇಕು. ಭೂಮಿಯ ಗರ್ಭದಿಂದ ಬರುವ ಈ ನೀರಿಗೆ ಋತುಭೇದವಿಲ್ಲ. ಬೇಸಿಗೆಯ ಧಗೆಯಲ್ಲಿಯೂ ಜನವರಿಯ ಮಂಜಿನಲ್ಲಿಯೂ ಅದರ ಉಷ್ಣತೆ ಸುಮಾರು 22 ಡಿಗ್ರಿ. ಈ ಅಂಕೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನಾವು ಹೋದ ಕಡೆಯಲ್ಲೆಲ್ಲ ಅದೇ ಯಜಮಾನ.

ಬುಗ್ಗೆಯ ನೀರಿನ ಮೇಲೆ ಹೋಗಲು ತಕ್ಕ ವಾಹನ ಕಯಾಕ್. ಉತ್ತರಧ್ರುವದ ಸಮೀಪದ ಇನ್ಯುಯಿಟ್ ಜನ, ಮರ ಬೆಳೆಯದ ತಮ್ಮ ನಾಡಿನಲ್ಲಿ ತೇಲಿಬಂದ ಕೊರಡುಗಳನ್ನೂ ತಿಮಿಂಗಿಲದ ಎಲುಬುಗಳನ್ನೂ ಚೌಕಟ್ಟು ಮಾಡಿ, ಸೀಲ್ ಪ್ರಾಣಿಯ ಚರ್ಮವನ್ನು ಹೊದಿಸಿ ಹೊಲಿದು, ಬೇಟೆಗಾಗಿ ಕಟ್ಟಿಕೊಂಡ ದೋಣಿಯದು. ಏರುವವನ ಮೈಯಳತೆಗೆ ಸರಿಯಾಗಿ ಅಂಗಿಯನ್ನು ಹೊಲಿದಂತೆ ಅದನ್ನು ಕಟ್ಟುತ್ತಿದ್ದರಂತೆ. ಚರ್ಮ ಹೊದಿಸಿದ ದೋಣಿ ನಮಗೂ ಅಪರಿಚಿತವಲ್ಲ. ತುಂಗಭದ್ರೆಯ ಹರಿಗೋಲು ಬಿದಿರಿನ ಬುಟ್ಟಿಗೆ ಚಕ್ಕಳ ಹೊದಿಸಿದ್ದೇ ಅಲ್ಲವೆ? ಆದರೆ ಹರಿಗೋಲು ದುಂಡಗೆ ಕುಳಿತು, ಸಂಸಾರವನ್ನೂ ಮೂಟೆಯನ್ನೂ ಒಟ್ಟಿಗೆ ಹೊತ್ತು, ತನ್ನಷ್ಟಕ್ಕೆ ತಿರುಗುತ್ತ ಹೊಳೆ ದಾಟುವುದು; ಕಯಾಕ್ ಕಡ್ಡಿಯಂತೆ ನೀಳವಾಗಿ, ಒಬ್ಬನನ್ನೇ ಹೊತ್ತು, ಮೂಗಿನ ನೇರಕ್ಕೆ ಹೋಗುವುದು. ಅದರ ಹುಟ್ಟಿಗೆ ಎರಡು ತುದಿಯಲ್ಲಿಯೂ ಹಲಗೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕಬೇಕು. ತೋಳಿನಿಂದ ಎಳೆದವನು ಅರ್ಧ ಗಂಟೆಗೆ ಸೋಲುವನು. ಮೊಸರು ಕಡೆಯುವವಳಂತೆ ನಡುವನ್ನು ತಿರುಗಿಸಿ ಮೈಯಿಂದ ಹುಟ್ಟುಹಾಕಿದವನು ಮಧ್ಯಾಹ್ನದ ತನಕ ಹೋಗಬಲ್ಲನು. ಈಗಿನವು ಪ್ಲಾಸ್ಟಿಕ್ಕಿನವು, ಅಗಲವಾದವು, ಮೇಲೆ ಕುಳಿತುಕೊಳ್ಳುವಂಥವು. ಅರುವತ್ತು ದಾಟಿದವರೂ ಹೆದರಬೇಕಾಗಿಲ್ಲ. ಕುಳಿತ ಮೇಲೆ ಕಷ್ಟವಿಲ್ಲ, ಕೂರುವುದೂ ಏಳುವುದೂ ಕಷ್ಟ. ತೇಲುವ ಜಾಕೀಟನ್ನು ಮಾತ್ರ ಎಷ್ಟೇ ಈಜು ಬಲ್ಲವರೂ ತೊಡದೆ ಇಳಿಯಬಾರದು. ನಮ್ಮ ತೀರ್ಥಹಳ್ಳಿಯವರು, ತುಂಗೆಯಲ್ಲಿ ಈಜಿದವರೆಂಬ ಜಂಬದವರು, ಇಳಿಯುವಾಗ ಮೊದಲು ಕೂರದೆ ಮೊದಲು ನಿಂತು, ಹೊಟ್ಟೆಯ ಮಟ್ಟದ ನೀರಿನಲ್ಲಿ ಮುಳುಗಿ ಎದ್ದು, “ನೀರು ಬೆಚ್ಚಗಿದೆ ಮಾರಾಯ” ಎಂದರು.

ನಿಜವಾಗಿಯೂ ಬೆಚ್ಚಗಿತ್ತು. ಹೊರಗೆ ಆ ಬೆಳಗ್ಗೆ ಐದು ಡಿಗ್ರಿಯ ಚಳಿ. ಕಿಂಗ್ಸ್ ಬೇ ಎಂಬ ಆ ಕೊಲ್ಲಿಯ ಮೇಲೆಲ್ಲ ಹಂಡೆಯ ಹಬೆಯಂತೆ ಆವಿ ಏಳುತ್ತಿತ್ತು. ಕ್ರಿಸ್ಟಲ್ ರಿವರ್ ಊರಿನ ಈ ಕೊಲ್ಲಿಯ ತಳದಲ್ಲಿ 70ಕ್ಕೂ ಹೆಚ್ಚು ಬುಗ್ಗೆಗಳಿವೆ. ಅವುಗಳ ಬಾಯಲ್ಲಿ, ಹಗ್ಗ ಕಟ್ಟಿ ತೇಲುಬುರುಡೆಗಳನ್ನಿಟ್ಟು ಗುರುತಿಸಿದ ರಕ್ಷಿತ ಸ್ಥಳಗಳಲ್ಲಿ, ಮೊದಲಿಗೆ ಬಂಡೆಗಳೆಂದು ನಾನು ತಿಳಿದ ಬೂದುಬಣ್ಣದ ಆಕಾರಗಳು ಒತ್ತಾಗಿ ಮಲಗಿದ್ದವು. ಒಂದು ಬಂಡೆ ನಿಧಾನವಾಗಿ ಮೇಲೆದ್ದು, ಎರಡು ಮೂಗಿನ ಹೊಳ್ಳೆಗಳನ್ನು ತೆರೆದು, ನಿಟ್ಟುಸಿರಿಟ್ಟು, ಮತ್ತೆ ಮುಳುಗಿತು. ಅದೇ ಮ್ಯಾನಟೀ.

ಮ್ಯಾನಟೀ ಎಂಬುದು ಮೀನಲ್ಲ, ತಿಮಿಂಗಿಲದ ಬಳಗವೂ ಅಲ್ಲ. ಮೂರು ಮೀಟರು ಉದ್ದ, ನಾನೂರೈವತ್ತು ಐನೂರು ಕಿಲೋ ತೂಗುವ ಈ ಸಸ್ಯಾಹಾರಿ ಪ್ರಾಣಿಗೆ, ಇಂದು ಬದುಕಿರುವ ನೆಲದ ಪ್ರಾಣಿಗಳಲ್ಲಿ ಅತ್ಯಂತ ಹತ್ತಿರದ ನಂಟು ಆನೆ. ಅದರ ಹುಟ್ಟಿನಂಥ ಮುಂಗಾಲುಗಳ ತುದಿಯಲ್ಲಿ ಆನೆಯ ಉಗುರಿನಂಥ ಉಗುರುಗಳು ಈಗಲೂ ಇವೆ. ರಾಮೇಶ್ವರದ ಬಳಿಯ ಪಾಕ್ ಕೊಲ್ಲಿಯಲ್ಲಿ ಉಳಿದಿರುವ ನಮ್ಮ ಕಡಲ ಹಸು, ಡ್ಯೂಗಾಂಗ್, ಇದರ ದಾಯಾದಿ. 1493ರಲ್ಲಿ ಕೊಲಂಬಸ್ಸನು ಇವುಗಳನ್ನು ಕಂಡು ಮತ್ಸ್ಯಕನ್ಯೆಯರೆಂದು ತಿಳಿದು, ಚಿತ್ರಗಳಲ್ಲಿ ಬರೆಯುವಷ್ಟು ಚೆಲುವೆಯರೇನಲ್ಲವೆಂದು ಬರೆದಿಟ್ಟನಂತೆ. ಹೊತ್ತುಗಳೆಯಲು ಬೇರೇನೂ ಇಲ್ಲದ ಸಮುದ್ರಯಾನದ ತಪ್ಪೆಂದು ಅದನ್ನು ಮನ್ನಿಸಬಹುದು. ಮ್ಯಾನಟೀಯ ಹಲ್ಲಿನ ವಿಷಯ ನಮಗೆಲ್ಲ ಅಸೂಯೆ ಹುಟ್ಟಿಸಿತು. ಹುಲ್ಲಿನೊಡನೆ ಮರಳನ್ನೂ ಅಗಿದು ಮುಂದಿನ ದವಡೆಹಲ್ಲು ಸವೆದಂತೆ ಅದು ಉದುರಿ, ಹಿಂದಿನದು ಮುಂದೆ ಸರಿದು, ಅದರ ಹಿಂದೆ ಹೊಸದು ಹುಟ್ಟಿ, ಆಯುಷ್ಯವಿರುವ ತನಕ ಈ ಮೆರವಣಿಗೆ ನಡೆಯುತ್ತಲೇ ಇರುವುದು. ನಮ್ಮ ನಾಲ್ವರೊಳಗೆ ಕಟ್ಟಿಸಿದ ಹಲ್ಲಿನ ಸೆಟ್ಟುಗಳು ಎರಡು.

ನೋಡುವುದಕ್ಕೆ ಕೊಬ್ಬಿದ ಪ್ರಾಣಿಯಂತಿದ್ದರೂ ಅದರ ಮೈಯಲ್ಲಿ ಚಳಿಯನ್ನು ತಡೆಯುವಷ್ಟು ಕೊಬ್ಬಿಲ್ಲ. ಒಳಗೆ ಉರಿಯುವ ಕಾವೂ ಕಡಮೆ. ನೀರು 20 ಡಿಗ್ರಿಗಿಂತ ಕೆಳಗಿಳಿದು ಬಹುಕಾಲ ಹಾಗೆಯೇ ಉಳಿದರೆ ಅದು ಸೊರಗಿ ಸಾಯುವುದು. ಆದುದರಿಂದ ಸಮುದ್ರವೂ ನದಿಯೂ ತಣ್ಣಗಾದೊಡನೆ, 22 ಡಿಗ್ರಿಯ ಬುಗ್ಗೆಗಳನ್ನು ಹುಡುಕಿಕೊಂಡು ಬರುವುದು. ದಾರಿಯನ್ನು ತಾಯಿ ಕಲಿಸುವಳು. ಒಂದೆರಡು ವರ್ಷ ಮರಿ ತಾಯಿಯ ಬಗಲಲ್ಲಿಯೇ ಇದ್ದು ಯಾವ ಚಳಿಗೆ ಯಾವ ನೀರೆಂಬುದನ್ನು ತಿಳಿಯುವುದು. ವಿದ್ಯುದಾಗಾರಗಳು ಹೊರಬಿಡುವ ಬಿಸಿನೀರಿನ ಕಾಲುವೆಗಳನ್ನೂ ಅವು ಕಂಡುಕೊಂಡಿವೆ; ಟ್ಯಾಂಪಾದ ಹತ್ತಿರ ಅಂತಹ ಒಂದು ಸ್ಥಾವರದ ಬಳಿ ಜನ ನಿಂತು ನೋಡಲು 1986ರಿಂದ ಕಟ್ಟೆಯೇ ಇದೆ. ಆದರೆ ಹಳೆಯ ಸ್ಥಾವರ ಒಂದು ದಿನ ಮುಚ್ಚಿದರೆ, ತಾಯಂದಿರು ಕಲಿಸಿದ ಪಾಠ ಮರಿಗಳಿಗೆ ಮೃತ್ಯುವಾದೀತೆಂಬ ಚಿಂತೆ ವಿಜ್ಞಾನಿಗಳಿಗುಂಟು. ಹಸಿವೂ ಇನ್ನೊಂದು ಚಿಂತೆ: 2021ರಲ್ಲಿ ಪೂರ್ವತೀರದ ಖಾರಿಯಲ್ಲಿ ನೀರು ಕೆಟ್ಟು ಸಮುದ್ರದ ಹುಲ್ಲು ನಾಶವಾದಾಗ, ಫ್ಲಾರಿಡಾದಲ್ಲಿ ಆ ವರ್ಷ ಸತ್ತವು 1,100.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಅವುಗಳ ಬೆನ್ನು. ಹತ್ತಿರ ಬಂದ ಪ್ರತಿಯೊಂದರ ಬೆನ್ನಿನ ಮೇಲೂ ಬಿಳಿಯ ಸಮಾನಾಂತರ ಗೀರುಗಳು, ನೇಗಿಲ ಸಾಲಿನಂತೆ ಕ್ರಮವಾಗಿ. ಅವು ಮೋಟಾರು ದೋಣಿಗಳ ತಿರುಗಣೆ ಕೊಯ್ದ ಗಾಯಗಳು. ಉಸಿರಿಗೆ ಮೇಲೆ ಬರಲೇಬೇಕಾದ, ಓಡಲಾರದ ಪ್ರಾಣಿಗೆ ವೇಗದ ದೋಣಿಯೇ ಯಮ. 1960ರ ದಶಕದ ಕೊನೆಯಲ್ಲಿ ಈ ಕೊಲ್ಲಿಯಲ್ಲಿಯೇ ನೀರಿಗಿಳಿದು ಮ್ಯಾನಟೀಗಳನ್ನು ಮೊದಲಿಗೆ ಕ್ರಮವಾಗಿ ಅಭ್ಯಸಿಸಿದ ಹಾರ್ಟ್‌ಮನ್ ಎಂಬ ವಿದ್ಯಾರ್ಥಿ ಒಂದೊಂದನ್ನೂ ಬೇರೆಬೇರೆಯಾಗಿ ಗುರುತಿಸಿದ್ದು ಈ ಕಲೆಗಳಿಂದಲೇ. ಇಂದಿಗೂ ಹಾಗೆಯೇ ಗುರುತಿಸುವರು. ಗಾಯವಾಗದ ಮ್ಯಾನಟೀಗೆ ಹೆಸರಿಡುವುದೇ ಕಷ್ಟ. ಆ ಸಂಜೆ ಮಿಷಿಗನ್ನಿನ ಮಿತ್ರರು ಅಂಗಿ ಬದಲಿಸುವಾಗ ಎದೆಯ ನಡುವೆ ಕತ್ತಿನಿಂದ ಕೆಳಗಿನ ತನಕ ಇಳಿದ ಹೊಲಿಗೆಯ ಗುರುತು ಕಂಡಿತು. ಬೈಪಾಸ್ ಆದ ಸಂಗತಿಯನ್ನು ಅವರು ನಮಗೆ ಬರೆದಿರಲಿಲ್ಲ. ಯಾರೂ ಏನೂ ಕೇಳಲಿಲ್ಲ. ರಸಮಟ್ಟದವರು ಮಾತ್ರ ಒಂದು ಕ್ಷಣ ನೋಡಿ, “ಕೆಲಸ ಅಚ್ಚುಕಟ್ಟಾಗಿದೆ ಕಣಯ್ಯ” ಎಂದರು.

ಮಂದಗತಿಯೆಂಬುದು ಆ ನೀರುಗಳಲ್ಲಿ ರಸಿಕತೆಯ ಮಾತಲ್ಲ, ಕಾನೂನಿನ ಮಾತು. 1978ರ ಸಂಸ್ಥಾನದ ಕಾಯಿದೆಯಿಂದ ಫ್ಲಾರಿಡಾವೆಲ್ಲವೂ ಮ್ಯಾನಟೀಗಳಿಗೆ ಅಭಯಧಾಮ. ತಿರುವು ತಿರುವಿನಲ್ಲಿಯೂ ಅಲೆಯೇಳದಂತೆ ಸಾಗತಕ್ಕದ್ದೆಂಬ ಫಲಕಗಳು. ಕ್ರಿಸ್ಟಲ್ ರಿವರಿನಲ್ಲಿ ನೀರಿಗಿಳಿದು ದೂರದಿಂದ ಸುಮ್ಮನೆ ತೇಲುತ್ತ ನೋಡಬಹುದು. ಅಟ್ಟಿಸಿಕೊಂಡು ಹೋಗುವುದು, ಸುತ್ತುಗಟ್ಟುವುದು, ತಿನಿಸು ಕೊಡುವುದು, ಮಲಗಿದ್ದುದನ್ನು ಎಬ್ಬಿಸುವುದು, ಇವೆಲ್ಲ ಅಪರಾಧ. ವಿರಾಮವೆಂದರೆ ಏನೂ ಮಾಡದಿರುವುದೆಂದು ಸಾಮಾನ್ಯವಾಗಿ ನಾವು ತಿಳಿಯುತ್ತೇವೆ. ಅಲ್ಲಿ ನನಗೆ ತೋರಿದ್ದು ಬೇರೆ: ಇನ್ನೊಂದು ಜೀವದ ವೇಗಕ್ಕೆ ನಮ್ಮ ವೇಗವನ್ನು ಇಳಿಸಿಕೊಳ್ಳುವುದು ವಿರಾಮ, ಅದು ಸಾಕಷ್ಟು ಶ್ರಮದ ಕೆಲಸ. ಗಂಟೆಗೆ ಐದಾರು ಕಿಲೋಮೀಟರು ಹೋಗುವ ಮ್ಯಾನಟೀಯ ಪಕ್ಕದಲ್ಲಿ ಹುಟ್ಟಿನ ಸದ್ದಾಗದಂತೆ ಸಾಗಿ ನೋಡಿದವರಿಗೆ ಈ ಮಾತು ಅರ್ಥವಾದೀತು.

ಸಿಲ್ವರ್ ಸ್ಪ್ರಿಂಗ್ಸ್ ನೋಡುವ ಜನದ ಸ್ಥಳ. ತಳದಲ್ಲಿ ಗಾಜು ಕೂರಿಸಿದ ದೋಣಿಗಳು ಅಲ್ಲಿ 19ನೆಯ ಶತಮಾನದ ಉತ್ತರಾರ್ಧದಿಂದಲೂ ನಡೆಯುತ್ತಿವೆ. ಟಾರ್ಜಾನನ ಚಿತ್ರಗಳಿಗೆ ಅದೇ ಆಫ್ರಿಕಾ ಆಗಿತ್ತು. ಬುಗ್ಗೆಯಿಂದ ಹೊರಟ ಹೊಳೆಯಲ್ಲಿ ಒಂದು ಮೈಲಿ ಹೋಗಿರಬೇಕು, ದಡದ ಮರದ ಮೇಲೆ ಕೋತಿಗಳು! ನಮ್ಮ ಊರಿನ ಉದ್ದ ಬಾಲದ, ತಲೆಯ ಮೇಲೆ ಬೈತಲೆ ತೆಗೆದ ಕೋತಿಯಲ್ಲ. ಉತ್ತರ ಹಿಂದೂಸ್ಥಾನದ ಕೆಂಪುಮೂತಿಯ ರೀಸಸ್ ಜಾತಿ. 1930ರ ದಶಕದಲ್ಲಿ ಅಲ್ಲಿ ದೋಣಿವಿಹಾರ ನಡೆಸುತ್ತಿದ್ದ ಕರ್ನಲ್ ಟೂಯಿ ಎಂಬಾತ (ಕರ್ನಲ್ ಎಂಬುದು ಅವನಿಗೆ ತಂದೆತಾಯಿ ಇಟ್ಟ ಹೆಸರು, ಸೈನ್ಯದ ಪದವಿಯಲ್ಲ) ಗಿರಾಕಿಗಳ ಮನರಂಜನೆಗೆಂದು ಕೆಲವನ್ನು ತರಿಸಿ, ಹೊಳೆಯ ನಡುವಿನ ಒಂದು ನಡುಗಡ್ಡೆಯಲ್ಲಿ ಬಿಟ್ಟನು. ಕೋತಿಗೆ ಈಜು ಬಾರದೆಂದು ಅವನು ನಂಬಿದ್ದನು. ಅವು ಅಷ್ಟರಲ್ಲಿಯೇ ಈಜಿ ದಡ ಸೇರಿ ಕಾಡು ಹೊಕ್ಕವು. ಟಾರ್ಜಾನನ ಚಿತ್ರದವರು ಬಿಟ್ಟುಹೋದವೆಂಬುದು ಬರಿಯ ಕಟ್ಟುಕಥೆ. ತಲೆಮಾರುಗಳಿಂದ ಅಮೆರಿಕನ್ನರಾಗಿರುವ ಈ ಕಪಿಗಳಲ್ಲಿ ಮನುಷ್ಯನಿಗೆ ಮಾರಕವಾಗಬಲ್ಲ ಒಂದು ವೈರಾಣು ಇರುವುದರಿಂದ ಹತ್ತಿರ ಹೋಗಕೂಡದು, ತಿನಿಸು ಹಾಕಕೂಡದು. ನಮ್ಮವರೊಬ್ಬರು ಚೀಲದಲ್ಲಿದ್ದ ಕಡಲೆಕಾಯಿಯ ಪೊಟ್ಟಣವನ್ನು ಮೆಲ್ಲನೆ ಕಾಲಡಿಗೆ ಸರಿಸಿದರು.

ಇನ್ನೊಂದು ಸಂಗತಿಯನ್ನು ಬಿಡಲಾಗದು. ಆ ಗಾಜುದೋಣಿಗಳನ್ನು ನಡೆಸುತ್ತ, ನೀರಿನಡಿಯ ಮೀನನ್ನೂ ಬಂಡೆಯನ್ನೂ ರಾಗವಾಗಿ ವರ್ಣಿಸುತ್ತಿದ್ದ ಹೆಸರಾಂತ ಅಂಬಿಗರು ಕಪ್ಪು ಜನ. ಆದರೆ ವರ್ಣಭೇದದ ದಿನಗಳಲ್ಲಿ ಅವರ ಮಕ್ಕಳು ಅದೇ ನೀರಿನಲ್ಲಿ ಮೀಯುವಂತಿರಲಿಲ್ಲ. 1949ರಲ್ಲಿ ಹೊಳೆಯ ಕೆಳಗೆ ಸುಮಾರು ಒಂದು ಮೈಲಿ ದೂರದಲ್ಲಿ ಅವರಿಗೆಂದೇ ಪ್ಯಾರಡೈಸ್ ಪಾರ್ಕ್ ಎಂಬ ಬೇರೆ ಉದ್ಯಾನ ತೆರೆಯಿತು, 1969ರಲ್ಲಿ ಮುಚ್ಚಿತು. ಮೇಲೆ ಬಿಳಿಯರಿಗೆ, ಕೆಳಗೆ ಕರಿಯರಿಗೆ, ನಡುವೆ ಹರಿಯುವುದು ಒಂದೇ ನೀರು. ಊರಿನ ಕೆರೆಗೂ ಬಾವಿಗೂ ಯಾರು ಇಳಿಯಬಹುದೆಂಬ ಲೆಕ್ಕವನ್ನು ಬಲ್ಲ ನಾವು ಇದನ್ನು ಕೇಳಿ ಆಶ್ಚರ್ಯಪಡುವ ಅಧಿಕಾರವನ್ನು ಕಳೆದುಕೊಂಡವರು, ಸುಮ್ಮನೆ ಹುಟ್ಟುಹಾಕಿದೆವು. ಮರದಿಂದ ಮರಕ್ಕೆ ನೆರೆತ ಗಡ್ಡದಂತೆ ಇಳಿಬಿದ್ದ ಸ್ಪ್ಯಾನಿಷ್ ಮಾಸ್ (ಅದು ಸ್ಪೇನಿನದೂ ಅಲ್ಲ, ಹಾವಸೆಯೂ ಅಲ್ಲ, ಅನಾನಸಿನ ಕುಲದ ಗಿಡ), ದಿಮ್ಮಿಗಳ ಮೇಲೆ ಬಿಸಿಲಿಗೆ ಮೈಯೊಡ್ಡಿದ ಆಲಿಗೇಟರ್ ಮೊಸಳೆಗಳು, ರೆಕ್ಕೆ ಹರವಿ ಒಣಗಿಸಿಕೊಳ್ಳುತ್ತಿದ್ದ ಆನ್ಹಿಂಗ ಹಕ್ಕಿ. ಆ ಹಕ್ಕಿಯನ್ನು ಕಂಡು ನನಗೆ ಒಮ್ಮೆಲೇ ರಂಗನತಿಟ್ಟು ನೆನಪಾಯಿತು: ಕತ್ತನ್ನು ಮಾತ್ರ ಮೇಲೆತ್ತಿ ಈಜುವ ನಮ್ಮ ಹಾವಕ್ಕಿಯ ಒಡಹುಟ್ಟೇ ಅದು.

ಒಕಾಲಾ ಅರಣ್ಯದ ಜೂನಿಪರ್ ಸ್ಪ್ರಿಂಗ್ಸಿನ ಬೀಡುತಾಣದಲ್ಲಿ ವಿದ್ಯುತ್ತಿನ ಸಂಪರ್ಕವಿಲ್ಲ, ಗಾಡಿಗೆ ನಲ್ಲಿಯ ಜೋಡಣೆಯೂ ಇಲ್ಲ. ಗಾಡಿಯ ಮನೆತನದ ನಿಜವಾದ ಪಾಠ ಅಲ್ಲಿಯೇ ನಡೆಯಿತು. ನಮ್ಮ ಗಾಡಿಯ ಒಳ್ಳೆಯ ನೀರಿನ ತೊಟ್ಟಿ ಸುಮಾರು 150 ಲೀಟರಿನದು. ಬಳಸಿದ ನೀರಿಗೆ ಎರಡು ತೊಟ್ಟಿಗಳು: ಪಾತ್ರೆ ತೊಳೆದದ್ದು, ಮಿಂದದ್ದು ‘ಬೂದು’ ನೀರು, ಶೌಚದ್ದು ‘ಕಪ್ಪು’ ನೀರು. ಗೊತ್ತಾದ ಜಾಗದಲ್ಲಿ ಕೊಳವೆ ಹಚ್ಚಿ ಮೊದಲು ಕಪ್ಪನ್ನೂ ಆಮೇಲೆ ಬೂದನ್ನೂ ಬಿಡತಕ್ಕದ್ದು. ಹಿಂದಿನದು ಮುಂದಿನದರಿಂದ ತೊಳೆದುಹೋಗುವುದು. ಕ್ರಮ ತಪ್ಪಿದರೆ ಏನಾಗುವುದೆಂಬುದನ್ನು ಎರಡನೆಯ ದಿನ ಕಲಿತಿದ್ದೆವು, ಆ ವಿವರ ಇಲ್ಲಿ ಬೇಡ. ಒಬ್ಬೊಬ್ಬರಿಗೆ ಎರಡು ಚೊಂಬು ಸ್ನಾನ, ಪಾತ್ರೆಗೆ ಅರ್ಧ ಬಕೆಟ್ಟು. ಗಣಿತದ ಮೇಷ್ಟ್ರು ಪ್ರತಿ ಸಂಜೆ ಗುಂಡಿಯೊತ್ತಿ ತೊಟ್ಟಿಯ ಮಟ್ಟ ನೋಡಿ, ಮಾರನೆಯ ದಿನಕ್ಕೆ ತಲೆಗೆಷ್ಟೆಂದು ಹೇಳುವರು. ಮೊದಲ ದರ್ಜೆಯ ಒಂದು ಬುಗ್ಗೆ ಒಂದೇ ಸೆಕೆಂಡಿನಲ್ಲಿ ನಮ್ಮ ತೊಟ್ಟಿಯನ್ನು ಹದಿನೆಂಟು ಸಲ ತುಂಬಿಸಬಲ್ಲುದೆಂದು ಲೆಕ್ಕ ಹಾಕಿ ಹೇಳಿದವರೂ ಅವರೇ. ಆದರೆ ಆ ಅಕ್ಷಯಪಾತ್ರೆಯೂ ಬತ್ತದ್ದೇನಲ್ಲ. ಊರುಗಳಿಗೂ ತೋಟಗಳಿಗೂ ನೆಲದಡಿಯಿಂದ ನೀರೆತ್ತಿದಷ್ಟೂ ಬುಗ್ಗೆಗಳ ಹರಿವು ತಗ್ಗಿದೆ. ಗೊಬ್ಬರದ ನೈಟ್ರೇಟು ಇಳಿದು, ಸಿಲ್ವರ್ ಸ್ಪ್ರಿಂಗ್ಸಿನ ಬಿಳಿಯ ತಳದ ಮೇಲೆ ಪಾಚಿ ಹಬ್ಬಿದೆ. ಕೊಳವೆಬಾವಿಯ ದೇಶದಿಂದ ಹೋದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಜೂನಿಪರಿನ ಪಕ್ಕದ ಫರ್ನ್ ಹ್ಯಾಮಕ್ ಎಂಬ ಕೊಳದಲ್ಲಿ, ತಳದ ಮರಳು ಹಾಲು ಉಕ್ಕುವಂತೆ ಅಲ್ಲಲ್ಲಿ ಕುದಿಯುವುದನ್ನು ನೋಡುತ್ತ ಒಂದು ಮಧ್ಯಾಹ್ನವನ್ನೇ ಕಳೆದೆವು. ಈ ಕುರುಚಲು ಕಾಡಿನ ಬಡ ಬೇಸಾಯಗಾರರನ್ನು ಕುರಿತು ಮಾರ್ಜರಿ ರಾಲಿಂಗ್ಸ್ ಎಂಬಾಕೆ ಬರೆದ ‘ದಿ ಯರ್ಲಿಂಗ್’ ಕಾದಂಬರಿ 1938ರಲ್ಲಿ ಹೊರಬಂದು ಮರುವರ್ಷ ಪುಲಿಟ್ಜರ್ ಬಹುಮಾನ ಪಡೆಯಿತು. ಅದಕ್ಕೂ ಬಹಳ ಹಿಂದೆ, 1774ರಲ್ಲಿ, ಸಸ್ಯಶಾಸ್ತ್ರಜ್ಞ ವಿಲಿಯಂ ಬಾರ್ಟ್ರಮ್ ಈ ಬುಗ್ಗೆಗಳ ನಾಡಿನಲ್ಲಿ ಅಲೆದು ಬರೆದ ಪ್ರವಾಸಗ್ರಂಥವನ್ನು ಕವಿ ಕೋಲ್‌ರಿಜ್ ಓದಿಕೊಂಡಿದ್ದನು. ‘ಕುಬ್ಲಾ ಖಾನ್’ ಕವಿತೆಯಲ್ಲಿ ಭೂಮಿಯಿಂದ ಚಿಮ್ಮುವ ಬುಗ್ಗೆಗೆ ಫ್ಲಾರಿಡಾದ ನೀರೂ ಸ್ವಲ್ಪ ಸೇರಿದೆಯೆಂದು ವಿದ್ವಾಂಸರು ತೋರಿಸಿರುವರು. ಕಾಲೇಜಿನಲ್ಲಿ ಆ ಪದ್ಯವನ್ನು ಬಾಯಿಪಾಠ ಮಾಡಿಸಿದ ಗುರುಗಳನ್ನು ನೆನೆದು, ಆ ಗುರುಗಳಿಂದ ಹಾಸ್ಟೆಲಿನ ಅಡಿಗೆಯ ಭಟ್ಟರಿಗೆ ಮಾತು ತಿರುಗಿ, ಗ್ಯಾಸಿನ ಒಲೆಯ ಮೇಲೆ ಗೊಜ್ಜವಲಕ್ಕಿ ಆಗುವಷ್ಟರಲ್ಲಿ ರಾತ್ರಿಯಾಗಿತ್ತು. ಐವತ್ತು ವರ್ಷದ ಹಿಂದಿನ ಒಂದು ಜಗಳವೂ ಆ ರಾತ್ರಿ ಎದ್ದಿತು: ಪರೀಕ್ಷೆಯ ಮುನ್ನಾದಿನ ಯಾರ ಲಾಟೀನನ್ನು ಯಾರು ಒಯ್ದರೆಂಬುದು. ತೀರ್ಮಾನವಾಗಲಿಲ್ಲ. ಬೀಡುತಾಣದ ನಿಶ್ಶಬ್ದದ ವೇಳೆ ಬಂದುದರಿಂದ ಪಿಸುಮಾತಿನಲ್ಲಿ ಜಗಳವಾಡಬೇಕಾಯಿತು. ಹಾಗೆ ಆಡಿದ ಜಗಳ ಬೇಗ ನಗುವಾಗುವುದು.

ಕಡೆಯ ಬೀಡು ಸೇಂಟ್ ಜಾನ್ಸ್ ನದಿಯ ಬದಿಯ ಬ್ಲೂ ಸ್ಪ್ರಿಂಗ್. ಉತ್ತರಾಭಿಮುಖವಾಗಿ ಸುಮಾರು 500 ಕಿಲೋಮೀಟರು ಹರಿಯುವ ಈ ನದಿ ಹುಟ್ಟಿನಿಂದ ಕಡಲಿನ ತನಕ ಇಳಿಯುವುದು ಒಂಬತ್ತು ಮೀಟರು ಮಾತ್ರ. ಜೋಗದಲ್ಲಿ ಶರಾವತಿ ಒಂದೇ ನೆಗೆತಕ್ಕೆ 253 ಮೀಟರು ಧುಮುಕುವುದನ್ನು ನೋಡಿ ಬೆಳೆದ ಮಲೆನಾಡಿನವರು, “ಇದು ಹೊಳೆಯೋ ಪಿಂಚಣಿದಾರರ ಸಂಘವೋ” ಎಂದು ಹುಟ್ಟನ್ನು ತೊಡೆಯ ಮೇಲಿಟ್ಟು ಕುಳಿತರು. ದೋಣಿ ಎತ್ತಲೂ ಹೋಗಲಿಲ್ಲ. ಚಳಿಗಾಲದಲ್ಲಿ ಬುಗ್ಗೆಯ ಕಾಲುವೆಯೊಳಕ್ಕೆ ಯಾರೂ ಇಳಿಯುವಂತಿಲ್ಲ, ಯಾವ ದೋಣಿಯೂ ಹೋಗುವಂತಿಲ್ಲ. ದಡದ ಹಲಗೆಯ ಹಾದಿಯಿಂದ ನೋಡಬೇಕು. 1970ರ ದಶಕದ ಕೊನೆಯಲ್ಲಿ ಅಲ್ಲಿ ಚಳಿ ಕಳೆಯುತ್ತಿದ್ದವು ಮೂವತ್ತು ನಾಲ್ವತ್ತು ಮ್ಯಾನಟೀಗಳು. ವೇನ್ ಹಾರ್ಟ್ಲಿ ಎಂಬ ಉದ್ಯಾನರಕ್ಷಕರು ದಶಕಗಳ ಕಾಲ ಚಳಿಯ ಬೆಳಗ್ಗೆ ಸಣ್ಣ ದೋಣಿಯಲ್ಲಿ ಹೋಗಿ, ಬೆನ್ನಿನ ಗಾಯದ ಗುರುತುಗಳನ್ನು ಚಿತ್ರ ಬರೆದುಕೊಂಡು, ಒಂದೊಂದನ್ನೂ ಎಣಿಸಿದರು. 2024ರ ಜನವರಿಯ ಒಂದು ದಿನ ಅಲ್ಲಿ ಎಣಿಕೆಗೆ ಸಿಕ್ಕಿದವು 900ಕ್ಕೂ ಹೆಚ್ಚು. ಅಷ್ಟನ್ನು ನೋಡುವ ಆಸೆಯಿಂದಲೇ ಕಡೆಯ ಎರಡು ದಿನಗಳನ್ನು ಮೇಷ್ಟ್ರು ಅಲ್ಲಿಗೆ ಮೀಸಲಿಟ್ಟಿದ್ದರು.

ಮೊದಲ ಬೆಳಗ್ಗೆ ಕಾಲುವೆಯ ಉದ್ದಕ್ಕೂ ಅವು ದಿಮ್ಮಿ ಪೇರಿಸಿದಂತೆ ಮಲಗಿದ್ದವು; ನಾಲ್ವರೂ ಫ್ಲಾಸ್ಕಿನ ಕಾಫಿಯನ್ನು ಕೈಯಲ್ಲಿ ಹಿಡಿದು, ತಣ್ಣಗಾದುದು ತಿಳಿಯದೆ ನಿಂತಿದ್ದೆವು. ಅಂದು ರಾತ್ರಿ ದಕ್ಷಿಣದ ಗಾಳಿ ಬೀಸಿತು. ಎರಡನೆಯ ಬೆಳಗ್ಗೆ, ಗಾಡಿಯ ಕೊಳವೆ ಸುತ್ತಿಟ್ಟು, ರಸಮಟ್ಟ ಜೇಬಿಗೆ ಹೋಗಿ, ಹೊರಡುವ ಮುಂಚೆ ಇನ್ನೊಮ್ಮೆ ನೋಡಿಬರೋಣವೆಂದು ಹೋದರೆ, ತಳದ ಬಿಳಿಯ ಮರಳು ಕಾಣುವ ತಿಳಿನೀರು, ನಾಲ್ಕಾರು ಮೀನು, ಅಷ್ಟೆ. ಮೇಷ್ಟ್ರ ಮುಖ ಸಣ್ಣದಾಯಿತು. ಹತ್ತಿರ ನಿಂತಿದ್ದ ಸ್ವಯಂಸೇವಕಿಯೊಬ್ಬರು, ನದಿ ಬೆಚ್ಚಗಾದೊಡನೆ ಅವು ಮೇಯಲು ಹೋಗುವುವೆಂದೂ, ಬುಗ್ಗೆಯಲ್ಲಿ ಕಾವಲ್ಲದೆ ಮೇವಿಲ್ಲವೆಂದೂ, ಚಳಿ ಬಿದ್ದ ದಿನ ಮತ್ತೆ ಬರುವುವೆಂದೂ ಹೇಳಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ತೀರ್ಥಹಳ್ಳಿಯವರು ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟು, “ಅವಕ್ಕೆ ಹಸಿವಾಗಿದೆ ಮಾರಾಯ, ನಮಗೂ ಆಗಿದೆ. ನಡಿ, ಉಪ್ಪಿಟ್ಟು ಮಾಡುವ” ಎಂದರು.